ಕರ್ಲಿಂಗ್: ಸಿಗುವ ಅಂಕವನ್ನೇ ಯಾಕೆ ಬೇಡ ಅನ್ನುತ್ತಾರೆ?

ಪ್ರಶ್ನೆ: ಈಚೆಗೆ ಅಂತರರಾಷ್ಟ್ರೀಯ ಕರ್ಲಿಂಗ್ ಟೂರ್ನಿಗಳಲ್ಲಿ ಪುರುಷರ ಮತ್ತು ಮಹಿಳೆಯರ ಪಂದ್ಯಗಳನ್ನು ನೋಡುವ ಹುಚ್ಚು ಹತ್ತಿದೆ. ಐಸ್ ಮೇಲೆ ಕಲ್ಲು ಜಾರಿಸಿ ಗುರಿ ಸೇರಿಸುವ ಆಟ ಎನ್ನುವುದು ಬಿಟ್ಟರೆ ನಿಯಮಗಳು ಮಾತ್ರ ಅರ್ಧಂಬರ್ಧ ಗೊತ್ತು. ಒಂದು ಪಂದ್ಯದಲ್ಲಿ ಒಂದು ಅಂಕ ಆರಾಮವಾಗಿ ಸಿಗುತ್ತಿದ್ದರೂ ತಂಡವೊಂದು ತನ್ನ ಕೊನೆಯ ಕಲ್ಲು ಬೇಕಂತಲೇ ಆಚೆ ಹೋಗುವ ಹಾಗೆ ಎಸೆಯಿತು. ಸ್ಕೋರು ಸೊನ್ನೆ. ಇನ್ನೊಂದರಲ್ಲಿ ಎರಡು ಎಂಡ್ ಬಾಕಿ ಇರುವಾಗಲೇ ಸೋಲುತ್ತಿದ್ದ ತಂಡ ಕೈಕುಲುಕಿ ಹೊರಟುಬಿಟ್ಟಿತು. ಬೇರೆ ಆಟದಲ್ಲಾಗಿದ್ದರೆ ಫಿಕ್ಸಿಂಗ್ ಎಂದು ಗುಲ್ಲೇಳುತ್ತಿತ್ತು, ಇಲ್ಲಿ ಯಾರೂ ಚಕಾರ ಎತ್ತಲಿಲ್ಲ. ಅಂಪೈರ್ ಕೂಡ ಕಣ್ಣಿಗೆ ಬೀಳುವುದಿಲ್ಲ. ಕಲ್ಲಿನ ಮುಂದೆ ಬ್ರಷ್ ಹಿಡಿದು ಗುಡಿಸುತ್ತಾರಲ್ಲ, ಅದರಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ? ಪುರುಷರ ಆಟಕ್ಕೂ ಮಹಿಳೆಯರ ಆಟಕ್ಕೂ ವ್ಯತ್ಯಾಸವೇನು?

ಉತ್ತರ: ನೀವು ನೋಡಿದ್ದು ಫಿಕ್ಸಿಂಗ್ ಅಲ್ಲ, ಒಳ್ಳೆಯ ಆಟ. ಆ ಒಂದು ಅಂಕವನ್ನು ತೆಗೆದುಕೊಂಡಿದ್ದರೇ ಕೋಚ್ ಹುಬ್ಬು ಗಂಟಿಕ್ಕುತ್ತಿದ್ದರು. ಕರ್ಲಿಂಗ್‌ನಲ್ಲಿ ಸ್ಕೋರ್‌ಬೋರ್ಡ್ ಹೇಳುವುದು ಅರ್ಧ ಕಥೆ ಮಾತ್ರ. ಮುಂದಿನ ಎಂಡ್‌ನಲ್ಲಿ ಕೊನೆಯ ಕಲ್ಲು ಯಾರದು ಎನ್ನುವುದರಲ್ಲಿ ಉಳಿದರ್ಧ ಇದೆ. ಆ ಕೊನೆಯ ಕಲ್ಲಿನ ಹಕ್ಕಿಗೆ ಆಟಗಾರರು ‘ಹ್ಯಾಮರ್’ ಅನ್ನುತ್ತಾರೆ. ನಿಮ್ಮ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಅರ್ಧಂಬರ್ಧ ಗೊತ್ತು ಅಂದಿರಲ್ಲ, ಹಾಗಾಗಿ ಬೇಕಾದಷ್ಟನ್ನು ಬೇಗ ಹೇಳಿ ಮುಗಿಸುತ್ತೇನೆ. ಆಡುವ ಐಸ್ ಪಟ್ಟಿ ಸುಮಾರು 45 ಮೀಟರ್ ಉದ್ದ, ಐದು ಮೀಟರ್‌ಗಿಂತ ಸ್ವಲ್ಪ ಕಡಿಮೆ ಅಗಲ. ಎರಡೂ ತುದಿಗಳಲ್ಲಿ ಬಣ್ಣದ ವೃತ್ತಗಳಿರುತ್ತವೆ, ಅದು ‘ಮನೆ’. ಮನೆಯ ಅಡ್ಡಗಲ 12 ಅಡಿ, ಅಂದರೆ 3.66 ಮೀಟರ್. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡೆರಡು ಕಲ್ಲು. ಎರಡೂ ತಂಡಗಳು ಸರದಿಯ ಮೇಲೆ ಎಸೆದು ಒಟ್ಟು 16 ಕಲ್ಲುಗಳು ಮುಗಿದರೆ ಒಂದು ಎಂಡ್. ದೊಡ್ಡ ಟೂರ್ನಿಗಳಲ್ಲಿ ಪಂದ್ಯಕ್ಕೆ ಹತ್ತು ಎಂಡ್. ಎಂಡ್ ಮುಗಿದಾಗ ಕೇಂದ್ರಕ್ಕೆ ಯಾರ ಕಲ್ಲು ಅತಿ ಹತ್ತಿರವೋ ಆ ತಂಡಕ್ಕೆ ಮಾತ್ರ ಅಂಕ, ಎದುರಾಳಿಗೆ ಸೊನ್ನೆ. ಎದುರಾಳಿಯ ಅತ್ಯುತ್ತಮ ಕಲ್ಲಿಗಿಂತ ಒಳಗಿರುವ ನಿಮ್ಮ ಪ್ರತಿ ಕಲ್ಲಿಗೂ ಒಂದು ಅಂಕ. ಕೆಂಪಿನ ಎರಡು ಕಲ್ಲು ಒಳಗೆ, ಮೂರನೆಯದು ಹಳದಿ, ಅದರ ಹಿಂದೆ ಮತ್ತೆ ಮೂರು ಕೆಂಪು ಇದ್ದರೆ ಕೆಂಪಿಗೆ ಎರಡೇ ಅಂಕ. ಆ ಒಂದು ಹಳದಿ ಕಲ್ಲು ಹಿಂದಿನ ಮೂರನ್ನೂ ಕಟ್ಟಿಹಾಕಿಬಿಡುತ್ತದೆ.

ಇನ್ನು ಹ್ಯಾಮರ್ ನಿಯಮ. ಒಂದು ಎಂಡ್‌ನಲ್ಲಿ ಅಂಕ ಗಳಿಸಿದ ತಂಡ ಮುಂದಿನ ಎಂಡ್‌ನಲ್ಲಿ ಮೊದಲು ಎಸೆಯಬೇಕು, ಕೊನೆಯ ಕಲ್ಲು ಎದುರಾಳಿಗೆ ಹೋಗುತ್ತದೆ. ಇಬ್ಬರಿಗೂ ಅಂಕ ಸಿಗದಿದ್ದರೆ, ಅಂದರೆ ಎಂಡ್ ‘ಬ್ಲ್ಯಾಂಕ್’ ಆದರೆ, ಹ್ಯಾಮರ್ ಇದ್ದವರ ಬಳಿಯೇ ಉಳಿಯುತ್ತದೆ.

ಈಗ ನೀವು ನೋಡಿದ ಆ ಎಸೆತಕ್ಕೆ ಬನ್ನಿ. ನೀವು ಬರೆದದ್ದರಿಂದ ಅಂದಾಜು ಮಾಡುವುದಾದರೆ ಚಿತ್ರ ಹೀಗಿದ್ದಿರಬೇಕು: ಮನೆಯಲ್ಲಿ ಎದುರಾಳಿಯ ಒಂದೇ ಒಂದು ಕಲ್ಲು, ಹ್ಯಾಮರ್ ಇರುವ ತಂಡದ ಕೈಯಲ್ಲಿ ಕೊನೆಯ ಕಲ್ಲು. ಎದುರಾಳಿಯ ಕಲ್ಲಿಗೆ ನೇರ ಮೂತಿಗೆ ಹೊಡೆದರೆ ಅದು ಹಾರಿಹೋಗುತ್ತದೆ, ಹೊಡೆದ ಕಲ್ಲು ಅದೇ ಜಾಗದಲ್ಲಿ ಗಕ್ಕನೆ ನಿಲ್ಲುತ್ತದೆ. ಒಂದು ಅಂಕ ಸಿಕ್ಕಿತು, ಹ್ಯಾಮರ್ ಹೋಯಿತು. ಅದರ ಬದಲು ಅಂಚಿಗೆ ಸವರಿದಂತೆ ಹೊಡೆದರೆ ಎದುರಾಳಿಯ ಕಲ್ಲೂ ಹೊರಗೆ, ನಮ್ಮದೂ ಉರುಳುತ್ತಾ ಮನೆಯಿಂದ ಆಚೆಗೆ. ಸೊನ್ನೆ, ಆದರೆ ಹ್ಯಾಮರ್ ಉಳಿಯಿತು. ಎರಡನೆಯದೇ ಕಷ್ಟದ ಹೊಡೆತ ಎನ್ನುವುದನ್ನು ಗಮನಿಸಿ. ಸ್ವಲ್ಪ ದಪ್ಪಗೆ ತಾಗಿದರೂ ಕಲ್ಲು ಮನೆಯೊಳಗೇ ಉಳಿದುಬಿಡುತ್ತದೆ. ಬೇಡದಿದ್ದ ಆ ಒಂದು ಅಂಕ ಕೊರಳಿಗೆ ಬಿದ್ದಾಗ ಆಟಗಾರರ ಮುಖ ನೋಡಬೇಕು. ಅಂಕ ಗಳಿಸಿಯೂ ತಲೆ ಚಚ್ಚಿಕೊಳ್ಳುವವರನ್ನು ನಾನು ಮೊದಲು ಕಂಡದ್ದು ಈ ಆಟದಲ್ಲೇ.

ಯಾಕಿಷ್ಟು ಗೋಳು? ಈ ಮಟ್ಟದ ಆಟಗಾರರು ಕೊನೆಯ ಕಲ್ಲಿನಿಂದ ಒಂದು ಅಂಕವನ್ನು ಹೆಚ್ಚುಕಡಿಮೆ ಯಾವಾಗ ಬೇಕಾದರೂ ತೆಗೆಯಬಲ್ಲರು. ಹಾಗಾಗಿ ಹ್ಯಾಮರ್ ಇಟ್ಟುಕೊಂಡು ಬರೀ ಒಂದು ಗಳಿಸುವುದೆಂದರೆ ದೊಡ್ಡ ನೋಟನ್ನು ಕೊಟ್ಟು ಚಿಲ್ಲರೆ ತಂದಂತೆ. ಹ್ಯಾಮರ್ ಇರುವವರ ಗುರಿ ಎರಡು ಅಥವಾ ಹೆಚ್ಚು. ಇಲ್ಲದವರ ಗುರಿ ಅವರನ್ನು ಒಂದಕ್ಕೇ ಕಟ್ಟಿಹಾಕುವುದು, ಅದೃಷ್ಟ ಚೆನ್ನಾಗಿದ್ದರೆ ಹ್ಯಾಮರ್ ಇಲ್ಲದೆಯೇ ಅಂಕ ಕದಿಯುವುದು. ಆಟಗಾರರ ಮಾತಿನಲ್ಲೂ ಅದು ‘ಸ್ಟೀಲ್’, ಕಳ್ಳತನವೇ. ಇದರ ಜೊತೆಗೆ ಸಮ ಬೆಸದ ಲೆಕ್ಕವೂ ಇದೆ. ಎಲ್ಲರಿಗೂ 10ನೇ ಎಂಡ್‌ನಲ್ಲಿ ಹ್ಯಾಮರ್ ಬೇಕು. 9ನೇ ಎಂಡ್‌ನಲ್ಲಿ ಅದು ನಿಮ್ಮ ಕೈಯಲ್ಲಿದ್ದು ಸ್ಕೋರು ಸಮವಾಗಿದ್ದರೆ, ಒಂದು ಅಂಕ ತೆಗೆದು ಕೊನೆಯ ಎಂಡ್‌ನ ಕೊನೆಯ ಕಲ್ಲನ್ನು ಎದುರಾಳಿಗೆ ಒಪ್ಪಿಸುವುದಕ್ಕಿಂತ ಖಾಲಿ ಬಿಡುವುದೇ ಲೇಸು ಎಂದು ಹೆಚ್ಚಿನ ಸ್ಕಿಪ್‌ಗಳು, ಅಂದರೆ ತಂಡದ ನಾಯಕರು, ಎಣಿಸುತ್ತಾರೆ.

2022ರ ಬೀಜಿಂಗ್ ಒಲಿಂಪಿಕ್ಸ್‌ನ ಪುರುಷರ ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. ಸ್ವೀಡನ್‌ಗೆ ನಿಕ್ಲಾಸ್ ಎಡಿನ್ ಸ್ಕಿಪ್, ಬ್ರಿಟನ್‌ಗೆ ಬ್ರೂಸ್ ಮೌಟ್. 10ನೇ ಎಂಡ್‌ನಲ್ಲಿ ಬ್ರಿಟನ್ ಒಂದು ಅಂಕ ಗಳಿಸಿ 4-4ಕ್ಕೆ ತಂದು ನಿಲ್ಲಿಸಿತು. ನೋಡುವವರಿಗೆ ಬ್ರಿಟನ್ ಬದುಕಿಕೊಂಡಂತೆ ಕಂಡಿತು. ಆದರೆ ಅಂಕ ಗಳಿಸಿದ ತಪ್ಪಿಗೆ ಹೆಚ್ಚುವರಿ ಎಂಡ್‌ನ ಹ್ಯಾಮರ್ ಸ್ವೀಡನ್‌ಗೆ ಹೋಯಿತು. ಎಡಿನ್ ತಂಡಕ್ಕೆ ಬೇಕಿದ್ದದ್ದು ಒಂದೇ ಅಂಕ. ಅದನ್ನು ತೆಗೆದುಕೊಂಡು 5-4ರಲ್ಲಿ ಚಿನ್ನ ಗೆದ್ದರು. ಅಲ್ಲಿ ಬ್ರಿಟನ್‌ಗೆ ಬೇರೆ ದಾರಿ ಇರಲಿಲ್ಲ ಅನ್ನಿ, ಹಿಂದಿದ್ದವರು ಕನಿಷ್ಠ ಒಂದನ್ನಾದರೂ ತೆಗೆಯಲೇಬೇಕಿತ್ತು. ಎರಡು ಸಿಕ್ಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

(ಒಂದು ಎಚ್ಚರಿಕೆ: ಒಬ್ಬ ಪುರುಷ, ಒಬ್ಬ ಮಹಿಳೆ ಆಡುವ ಮಿಕ್ಸೆಡ್ ಡಬಲ್ಸ್‌ನಲ್ಲಿ ಖಾಲಿ ಬಿಟ್ಟರೆ ಅನುಕೂಲ ಎದುರಾಳಿಗೆ ಹೋಗುತ್ತದೆ. ಆ ಪಂದ್ಯಗಳನ್ನು ನೋಡುವಾಗ ಈ ಲೆಕ್ಕವನ್ನು ಅಲ್ಲಿಗೆ ಒಯ್ಯಬೇಡಿ.)

ಕೈಕುಲುಕಿ ಹೊರಟವರ ವಿಷಯ. ಕರ್ಲಿಂಗ್‌ನಲ್ಲಿ ಸೋಲೊಪ್ಪಿಕೊಳ್ಳುವುದು ನಿಯಮಬದ್ಧ, ಅದಕ್ಕಿಂತ ಹೆಚ್ಚಾಗಿ ಮರ್ಯಾದೆಯ ನಡೆ. ಚೆಸ್‌ನಲ್ಲಿ ರಾಜನನ್ನು ಒರಗಿಸಿ ಎದ್ದಂತೆ. ಎರಡು ಎಂಡ್ ಉಳಿದಿದ್ದು ಆರು ಅಂಕ ಹಿಂದಿದ್ದರೆ, ಎದುರಾಳಿ ಬಂದ ಕಲ್ಲನ್ನೆಲ್ಲ ಹೊಡೆದು ಹೊರಗಟ್ಟುತ್ತಾ ಕೂರುತ್ತಾರೆ, ಪವಾಡಕ್ಕೆ ಕಲ್ಲೇ ಉಳಿಯುವುದಿಲ್ಲ. ಹಾಗಿರುವಾಗ ಎಳೆದಾಡಿಸುವುದನ್ನು ಯಾರೂ ಮೆಚ್ಚುವುದಿಲ್ಲ. ಸೋತ ತಂಡ ಕೈಗವಸು ಕಳಚಿ ಕೈ ಚಾಚುತ್ತದೆ, ಅಷ್ಟೇ.

ನಿಮ್ಮ ಅನುಮಾನಕ್ಕೆ ಮೂಲ ಕ್ರಿಕೆಟ್‌ನ ನೆಟ್ ರನ್ ರೇಟ್ ಇರಬಹುದು ಅನಿಸುತ್ತದೆ. ಅಲ್ಲಿ ಸೋಲುವಾಗಲೂ ಎಷ್ಟರಿಂದ ಸೋತೆವು ಎನ್ನುವುದಕ್ಕೆ ಬೆಲೆ ಇದೆ, ಬಿಟ್ಟುಕೊಟ್ಟರೆ ಮೂರನೆಯವರಿಗೆ ಅನ್ಯಾಯ. ಕರ್ಲಿಂಗ್‌ನ ಅಂಕಪಟ್ಟಿಯಲ್ಲಿ ಅಂತರಕ್ಕೆ ಕವಡೆ ಕಿಮ್ಮತ್ತಿಲ್ಲ. 5-4ರಲ್ಲಿ ಸೋತರೂ ಒಂದೇ, 12-2ರಲ್ಲಿ ಸೋತರೂ ಒಂದೇ. ಆದ್ದರಿಂದ ಬೇಗ ಕೈಕುಲುಕಿದರೆ ಯಾವ ತಂಡದ ಗಂಟೂ ಹೋಗುವುದಿಲ್ಲ, ನಾಳೆ ಬೆಳಗಿನ ಪಂದ್ಯಕ್ಕೆ ತೋಳಿನ ಶಕ್ತಿ ಉಳಿಯುತ್ತದೆ. ಅದು ಸಣ್ಣ ಮಾತಲ್ಲ. 13 ತಂಡಗಳ ವಿಶ್ವ ಚಾಂಪಿಯನ್‌ಷಿಪ್ ಎಂದರೆ ಎಲ್ಲರೂ ಎಲ್ಲರ ವಿರುದ್ಧ, ತಂಡಕ್ಕೆ 12 ಲೀಗ್ ಪಂದ್ಯ, ಒಟ್ಟು 78. ಒಂದೊಂದು ಪಂದ್ಯಕ್ಕೂ ಎರಡೂವರೆ ಗಂಟೆಗೂ ಮೀರಿದ ಹೊತ್ತು, ದಿನಕ್ಕೆ ಎರಡು ಪಂದ್ಯ ಆಡುವ ದಿನಗಳೇ ಹೆಚ್ಚು. ಮೊದಲ ಆರು ತಂಡಗಳು ಪ್ಲೇಆಫ್‌ಗೆ. ಅದರಲ್ಲಿ ಮೊದಲೆರಡು ನೇರ ಸೆಮಿಫೈನಲ್‌ಗೆ, ಮೂರನೆಯದು ಆರನೆಯದರ ಜೊತೆ, ನಾಲ್ಕನೆಯದು ಐದನೆಯದರ ಜೊತೆ ಸೆಣಸಬೇಕು.

ಅಂತರ ಲೆಕ್ಕಕ್ಕಿಲ್ಲದಿದ್ದರೆ ಸಮಬಲವಾದಾಗ ಏನು ಮಾಡುತ್ತಾರೆ? ಇದು ನೀವು ಕೇಳದ ಪ್ರಶ್ನೆ, ಆದರೆ ಟಿವಿಯಲ್ಲಿ ಕಾಣದೇ ಹೋಗುವ ಅತ್ಯಂತ ರೋಚಕ ಭಾಗ ಇದೇ ಎಂದು ನನ್ನ ಎಣಿಕೆ, ಅದಕ್ಕೇ ಹೇಳುತ್ತೇನೆ. ಪಂದ್ಯಕ್ಕೆ ಮುಂಚೆ, ಅಭ್ಯಾಸದ ಕೊನೆಯಲ್ಲಿ, ಪ್ರತಿ ತಂಡ ಎರಡು ಕಲ್ಲು ಎಸೆಯುತ್ತದೆ. ಒಂದಕ್ಕೆ ಬಲ ತಿರುವು, ಇನ್ನೊಂದಕ್ಕೆ ಎಡ ತಿರುವು. ಗುರಿ ಮನೆಯ ನಟ್ಟನಡುವಿನ ಚುಕ್ಕೆ. ಪ್ರೇಕ್ಷಕರು ಆಗಷ್ಟೇ ಕುರ್ಚಿ ಹುಡುಕುತ್ತಿರುತ್ತಾರೆ, ಚಪ್ಪಾಳೆಯೂ ಇರುವುದಿಲ್ಲ. ಕಲ್ಲು ನಿಂತ ಮೇಲೆ ಅಧಿಕಾರಿಯೊಬ್ಬರು ಬಗ್ಗಿ ಕೇಂದ್ರದಿಂದ ಅದು ಎಷ್ಟು ದೂರ ಎಂದು ಸೆಂಟಿಮೀಟರ್‌ನ ಹತ್ತನೇ ಒಂದು ಭಾಗದವರೆಗೆ ಅಳೆದು ಬರೆದುಕೊಳ್ಳುತ್ತಾರೆ. ಎರಡೂ ದೂರ ಕೂಡಿಸಿದಾಗ ಯಾರದು ಕಡಿಮೆಯೋ ಅವರಿಗೆ ಮೊದಲ ಎಂಡ್‌ನ ಹ್ಯಾಮರ್. ಆ ಚೀಟಿ ಅಲ್ಲಿಗೆ ಕಸದ ಬುಟ್ಟಿಗೆ ಹೋಗುವುದಿಲ್ಲ. ಲೀಗ್ ಪೂರ್ತಿ ಹೀಗೆ ಎಸೆದ ಕಲ್ಲುಗಳ ಸರಾಸರಿಯನ್ನು ‘ಡ್ರಾ ಶಾಟ್ ಚಾಲೆಂಜ್’ ಎಂದು ಕಾದಿಡುತ್ತಾರೆ. ಗೆಲುವುಗಳು ಸಮ, ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶವೂ ಸಮ ಎಂದಾದರೆ ತೀರ್ಪು ಹೇಳುವುದು ಆ ಸರಾಸರಿ.

ಅದೇ ಬೀಜಿಂಗ್‌ನ ಮಹಿಳೆಯರ ಟೂರ್ನಿಯಲ್ಲಿ ಬ್ರಿಟನ್, ಜಪಾನ್, ಕೆನಡಾ ಮೂರೂ ಐದು ಗೆದ್ದು ನಾಲ್ಕು ಸೋತು ನಿಂತವು. ಉಳಿದಿದ್ದದ್ದು ಎರಡೇ ಸೆಮಿಫೈನಲ್ ಜಾಗ. ಪರಸ್ಪರ ಪಂದ್ಯ ನೋಡೋಣ ಅಂದರೆ ಕೆನಡಾ ಬ್ರಿಟನ್ನನ್ನು ಸೋಲಿಸಿತ್ತು, ಬ್ರಿಟನ್ ಜಪಾನನ್ನು, ಜಪಾನ್ ಕೆನಡಾವನ್ನು. ಹಾವು ತನ್ನ ಬಾಲ ತಾನೇ ಕಚ್ಚಿಕೊಂಡ ಹಾಗೆ. ಕೊನೆಗೆ ಆ ಅಭ್ಯಾಸದ ಹೊತ್ತಿನ ಕಲ್ಲುಗಳ ಸರಾಸರಿ ತೆಗೆದರು. ಕೆನಡಾದ್ದು ಉಳಿದಿಬ್ಬರಿಗಿಂತ ಹೆಚ್ಚುಕಡಿಮೆ ಅರ್ಧ ಗೇಣಿನಷ್ಟು ದೂರ. ಅಷ್ಟಕ್ಕೆ ಜೆನಿಫರ್ ಜೋನ್ಸ್ ತಂಡ ಮನೆಗೆ ಹೋಯಿತು. 2014ರ ಸೋಚಿಯಲ್ಲಿ ಒಂದೂ ಪಂದ್ಯ ಸೋಲದೆ ಚಿನ್ನ ಗೆದ್ದಿದ್ದ ಅದೇ ಜೋನ್ಸ್. ಅರ್ಧ ಗೇಣಿನಲ್ಲಿ ಪಾರಾದ ಇಬ್ಬರೇ ಫೈನಲ್‌ನಲ್ಲಿ ಮುಖಾಮುಖಿಯಾದರು. ಈವ್ ಮ್ಯೂರ್‌ಹೆಡ್ ಅವರ ಬ್ರಿಟನ್ 10-3ರಿಂದ ಸತ್ಸುಕಿ ಫುಜಿಸಾವಾ ಅವರ ಜಪಾನನ್ನು ಸೋಲಿಸಿತು. ಇನ್ನು ಮೇಲೆ ಪ್ರಸಾರ ಶುರುವಾಗುವ ಐದು ನಿಮಿಷ ಮೊದಲೇ ಕೂತರೆ ನಷ್ಟವಿಲ್ಲ.

ಹೊಡೆದು ಖಾಲಿ ಮಾಡುವುದು ಇಷ್ಟು ಲಾಭದಾಯಕವಾದರೆ ಇಡೀ ಪಂದ್ಯ ಅದನ್ನೇ ಮಾಡಬಾರದೇ ಎಂದು ನೀವು ಕೇಳಬಹುದು. ಮಾಡುತ್ತಿದ್ದರು! 1980ರ ದಶಕದಲ್ಲಿ ಒಂದೆರಡು ಅಂಕ ಮುಂದಾದ ತಂಡ ಎದುರಾಳಿ ಇಟ್ಟ ಕಲ್ಲನ್ನೆಲ್ಲ ಒಂದೊಂದಾಗಿ ಹಾರಿಸಿ ಪಂದ್ಯವನ್ನು ಮಲಗಿಸಿಬಿಡುತ್ತಿತ್ತು. ಪ್ರೇಕ್ಷಕರೂ ಜೊತೆಗೇ ಮಲಗುತ್ತಿದ್ದರು. ಕೆನಡಾದ ರಸ್ ಹೋವರ್ಡ್ ತಮ್ಮ ತಂಡದ ಅಭ್ಯಾಸಕ್ಕೆಂದು, ಮೊದಲ ನಾಲ್ಕು ಕಲ್ಲುಗಳನ್ನು ಯಾರೂ ಹೊರಹಾಕಬಾರದು ಎಂಬ ಕಟ್ಟಳೆ ಮಾಡಿಕೊಂಡಿದ್ದರು. 1990ರಲ್ಲಿ ಮಾಂಕ್ಟನ್‌ನ ಟೂರ್ನಿಯೊಂದು ಅದನ್ನು ಅಳವಡಿಸಿಕೊಂಡಿತು, ‘ಮಾಂಕ್ಟನ್ ನಿಯಮ’ ಎಂಬ ಹೆಸರೂ ಬಿತ್ತು. ಅದರಿಂದ ಬೆಳೆದದ್ದೇ ಇಂದಿನ ಗಾರ್ಡ್ ನಿಯಮ. ಮನೆಯ ಮುಂದೆ, ಅದಕ್ಕಿಂತ ಮೊದಲು ಬರುವ ‘ಹಾಗ್’ ಎಂಬ ಅಡ್ಡಗೆರೆಗೂ ಮನೆಗೂ ನಡುವೆ ಕಾವಲಿಗೆ ನಿಲ್ಲಿಸಿದ ಎದುರಾಳಿಯ ಕಲ್ಲನ್ನು ಎಂಡ್‌ನ ಮೊದಲ ಐದು ಎಸೆತ ಮುಗಿಯುವ ತನಕ ಆಟದಿಂದ ಹೊರಗಟ್ಟುವಂತಿಲ್ಲ. ಅಟ್ಟಿದರೆ ಅದನ್ನು ವಾಪಸು ತಂದಿಟ್ಟು, ಹೊಡೆದ ಕಲ್ಲನ್ನು ತೆಗೆದುಹಾಕುತ್ತಾರೆ. ಮೊದಲು ನಾಲ್ಕಿದ್ದದ್ದು 2018ರಲ್ಲಿ ಐದಾಯಿತು. ಇದು ಈ ಆಟಕ್ಕೆ ಮರುಜೀವ ಕೊಟ್ಟ ನಿಯಮ ಎಂದರೆ ಉತ್ಪ್ರೇಕ್ಷೆಯಲ್ಲ. ಹೋವರ್ಡ್ 2006ರಲ್ಲಿ 50ನೇ ವಯಸ್ಸಿನಲ್ಲಿ ಬ್ರ್ಯಾಡ್ ಗುಶು ತಂಡದೊಂದಿಗೆ ಒಲಿಂಪಿಕ್ ಚಿನ್ನವನ್ನೂ ಗೆದ್ದರು.

ಗುಡಿಸುವುದರ ಬಗ್ಗೆ ನಿಮ್ಮ ಗುಮಾನಿ ಸಹಜ, ಆದರೆ ಅದು ನಾಟಕವಲ್ಲ. ಆಡುವ ಐಸ್ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಆಟಕ್ಕೆ ಮುಂಚೆ ಐಸ್ ಸಿದ್ಧಪಡಿಸುವವರು ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹಿಂದಕ್ಕೆ ಹೆಜ್ಜೆ ಹಾಕುತ್ತಾ ಕೈಯಲ್ಲಿನ ಕೊಳವೆಯನ್ನು ಅತ್ತಿತ್ತ ಬೀಸಿ ಹನಿ ಚಿಮುಕಿಸುತ್ತಾರೆ. ಬಿದ್ದ ಹನಿ ಬಿದ್ದಲ್ಲೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಗುಳ್ಳೆಗಳಾಗುತ್ತವೆ. ಇದಕ್ಕೆ ‘ಪೆಬಲ್’ ಅನ್ನುತ್ತಾರೆ. ಕಲ್ಲಿನ ತಳವೂ ಪೂರ್ತಿ ಚಪ್ಪಟೆಯಲ್ಲ, ನಡುವೆ ತಗ್ಗು. ಐಸ್‌ಗೆ ತಾಗುವುದು ಕೆಲವೇ ಮಿಲಿಮೀಟರ್ ಅಗಲದ ಒಂದು ಉಂಗುರ ಮಾತ್ರ. ಸುಮಾರು 20 ಕಿಲೋ ತೂಗುವ ಕಲ್ಲು ಆ ಉಂಗುರದ ಮೇಲೆ, ಗುಳ್ಳೆಗಳ ನೆತ್ತಿ ಸವರುತ್ತಾ ಸಾಗುತ್ತದೆ. ಕಲ್ಲಿನ ಮುಂದೆ ಬ್ರಷ್‌ನಿಂದ ಉಜ್ಜಿದಾಗ ಐಸ್‌ನ ಮೇಲ್ಮೈ ತುಸು ಬೆಚ್ಚಗಾಗಿ ಘರ್ಷಣೆ ಕಡಿಮೆಯಾಗುತ್ತದೆ. ಕಲ್ಲು ಇನ್ನಷ್ಟು ದೂರ ಹೋಗುತ್ತದೆ, ಬಾಗುವುದೂ ತಡವಾಗುತ್ತದೆ. ಗಟ್ಟಿ ತೋಳಿನ ಇಬ್ಬರು ಉದ್ದಕ್ಕೂ ಉಜ್ಜಿದರೆ ಮೂರು ನಾಲ್ಕು ಮೀಟರ್ ಹೆಚ್ಚುವರಿ ಓಟ ಸಿಗುತ್ತದೆ. ಮನೆಯ ಅಡ್ಡಗಲವೇ 3.66 ಮೀಟರ್ ಎನ್ನುವುದು ನೆನಪಿರಲಿ. ಮನೆ ಮುಟ್ಟದೆ ಹೋಗಬೇಕಿದ್ದ ಕಲ್ಲು ನಡುಮಧ್ಯಕ್ಕೆ ಬಂದು ಕೂರಬಹುದು. ಸ್ಕಿಪ್ ಆಚೆ ತುದಿಯಿಂದ ಗಂಟಲು ಹರಿಯುವಂತೆ ಕೂಗುವುದು ಇದಕ್ಕೇ. ಕಲ್ಲಿನ ದಿಕ್ಕು ಅವರಿಗೆ ಕಾಣುತ್ತದೆ, ವೇಗದ ಅಂದಾಜು ಗುಡಿಸುವವರಿಗೆ ಸಿಗುತ್ತದೆ. ಒಬ್ಬರ ಕಣ್ಣು, ಇನ್ನೊಬ್ಬರ ತೋಳು.

ಗುಡಿಸುವಿಕೆಗೆ ಅಷ್ಟು ಶಕ್ತಿ ಇದೆ ಅನ್ನುವುದಕ್ಕೆ 2015ರ ಜಗಳವೇ ಸಾಕ್ಷಿ. ಹೊಸ ಬಗೆಯ ಬ್ರಷ್ ಬಟ್ಟೆಗಳು ಬಂದು, ಗುಡಿಸುವವರು ಕಲ್ಲಿಗೆ ಮೂಗುದಾರ ಹಾಕಿ ಎಳೆದಂತೆ ಬೇಕಾದ ಕಡೆ ತಿರುಗಿಸತೊಡಗಿದರು. ಎಸೆಯುವವರ ಕೈಚಳಕಕ್ಕೆ ಬೆಲೆಯೇ ಇಲ್ಲವೆಂದಾಗ ಅಗ್ರ ತಂಡಗಳೇ ಅಂಥ ಬ್ರಷ್ ಬಳಸುವುದಿಲ್ಲ ಎಂದು ಸಹಿ ಹಾಕಿದವು. 2016ರಲ್ಲಿ ಕೆನಡಾದ ಕೆಂಪ್ಟ್‌ವಿಲ್‌ನಲ್ಲಿ ವಿಜ್ಞಾನಿಗಳ ಜೊತೆ ಕೂತು ಪರೀಕ್ಷೆ ಮಾಡಿದ ಮೇಲೆ ವಿಶ್ವ ಕರ್ಲಿಂಗ್ ಒಕ್ಕೂಟ ಎಲ್ಲರಿಗೂ ಒಂದೇ ಬಗೆಯ ಬಟ್ಟೆ ನಿಗದಿ ಮಾಡಿತು.

ಕಲ್ಲು ಬಾಗುವುದು ಯಾಕೆ ಅನ್ನುವುದು ಮಾತ್ರ ಇನ್ನೂ ವಿಜ್ಞಾನಿಗಳ ನಡುವೆ ವಾದದ ವಸ್ತು. ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ಗಾಜಿನ ಲೋಟವನ್ನು ಬೋರಲು ಹಾಕಿ, ನುಣುಪು ಮೇಜಿನ ಮೇಲೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಮುಂದಕ್ಕೆ ತಳ್ಳಿ. ಅದು ಎಡಕ್ಕೆ ವಾಲುತ್ತದೆ. ಕರ್ಲಿಂಗ್ ಕಲ್ಲನ್ನು ಅದೇ ದಿಕ್ಕಿಗೆ ತಿರುಗಿಸಿ ಬಿಟ್ಟರೆ ಅದು ಬಲಕ್ಕೆ ಬಾಗುತ್ತದೆ! ಮುಂಭಾಗದ ಒತ್ತಡಕ್ಕೆ ಐಸ್ ಕರಗಿ ಘರ್ಷಣೆ ಅಸಮವಾಗುತ್ತದೆ ಎಂದು ಒಂದು ವಾದ. ಕಲ್ಲಿನ ಮುಂಭಾಗ ಐಸ್ ಮೇಲೆ ಸಣ್ಣ ಗೀರು ಎಳೆಯುತ್ತದೆ, ಹಿಂಭಾಗ ಆ ಗೀರುಗಳ ಜಾಡು ಹಿಡಿಯುತ್ತದೆ ಎಂದು 2013ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು ಮುಂದಿಟ್ಟದ್ದು ಇನ್ನೊಂದು. ಆಟಗಾರರಿಗೆ ಇದರಲ್ಲಿ ಯಾವುದು ನಿಜವಾದರೂ ಚಿಂತೆಯಿಲ್ಲ. ಅವರಿಗೆ ಬೇಕಾದದ್ದು ಎಷ್ಟು ಬಾಗುತ್ತದೆ ಎಂಬುದಷ್ಟೇ, ಅದು ಪಂದ್ಯದ ನಡುವೆಯೇ ಬದಲಾಗುತ್ತಿರುತ್ತದೆ.

ಅಂಪೈರ್ ಇದ್ದಾರೆ, ಕರೆಯದೆ ಬರುವುದು ಅಪರೂಪ ಅಷ್ಟೇ. ಎಂಡ್‌ನ ಸ್ಕೋರನ್ನು ಎರಡೂ ತಂಡಗಳ ವೈಸ್ ಸ್ಕಿಪ್‌ಗಳೇ ನೋಡಿ ಒಪ್ಪಿಕೊಳ್ಳುತ್ತಾರೆ. ಕಣ್ಣಳತೆಗೆ ತೀರ್ಮಾನವಾಗದಿದ್ದರೆ ಮಾತ್ರ ಅಳೆಯುವ ಉಪಕರಣ ಬರುತ್ತದೆ. ಓಡುತ್ತಿರುವ ಕಲ್ಲಿಗೆ ಬ್ರಷ್ಷೋ ಕಾಲೋ ತಾಗಿದರೆ ತಾಗಿಸಿದವರೇ ಹೇಳಬೇಕು. ಯಾರೂ ನೋಡದಿದ್ದರೂ ಹೇಳಬೇಕು, ಇದು ಈ ಆಟದ ಹಳೆಯ ಕಟ್ಟುಪಾಡು.

ತಾಗಿದ ಕಲ್ಲಿನ ಕಥೆಗಳಲ್ಲಿ 1972ರದ್ದನ್ನು ಮೀರಿಸುವುದು ಇಲ್ಲ. ಪಶ್ಚಿಮ ಜರ್ಮನಿಯ ಗಾರ್ಮಿಶ್ ಪಾರ್ಟೆನ್‌ಕಿರ್ಶೆನ್‌ನಲ್ಲಿ ಪುರುಷರ ವಿಶ್ವ ಟೂರ್ನಿಯ ಫೈನಲ್. ಕೊನೆಯ ಎಂಡ್‌ನಲ್ಲಿ ಅಮೆರಿಕ ಎರಡು ಅಂಕ ಮುಂದೆ, ಕೆನಡಾದ ಸ್ಕಿಪ್ ಓರೆಸ್ಟ್ ಮೆಲೆಶ್ಚುಕ್ ಕೈಯಲ್ಲಿ ಕೊನೆಯ ಕಲ್ಲು. ಅವರು ಅಮೆರಿಕದ ಕಲ್ಲನ್ನು ಹೊಡೆದರು, ಆದರೆ ಅವರ ಕಲ್ಲು ಬೇಕಾದ್ದಕ್ಕಿಂತ ಹೆಚ್ಚು ಉರುಳಿತು. ಗೆದ್ದೆವು ಎಂದು ಅಮೆರಿಕದವರು ಕುಣಿದರು. ಕುಣಿದ ಸ್ಕಿಪ್ ರಾಬರ್ಟ್ ಲಾಬಾಂಟ್ ಜಾರಿ ಬಿದ್ದು ಕೆನಡಾದ ಕಲ್ಲಿಗೆ ತಾಗಿದರು. ಅಳೆಯಲು ಕಲ್ಲು ತನ್ನ ಜಾಗದಲ್ಲಿಲ್ಲ! ಆ ಕಲ್ಲನ್ನೂ ಕೆನಡಾಕ್ಕೆ ಲೆಕ್ಕ ಹಾಕಿದರು, ಎರಡು ಅಂಕ ಸಿಕ್ಕಿ ಸ್ಕೋರು ಸಮವಾಯಿತು, ಹೆಚ್ಚುವರಿ ಎಂಡ್‌ನಲ್ಲಿ ಕೆನಡಾ ಗೆದ್ದಿತು. ಆಮೇಲೆ 1980ರ ತನಕ ಕೆನಡಾದ ಪುರುಷರಿಗೆ ವಿಶ್ವ ಪಟ್ಟ ಸಿಗಲಿಲ್ಲ. ಅದಕ್ಕೆ ‘ಲಾಬಾಂಟ್ ಶಾಪ’ ಎಂದು ಹೆಸರು. ಲಾಬಾಂಟ್ ಶಪಿಸಿದ್ದರೋ ಇಲ್ಲವೋ, ಕೈಗೆ ಬಂದ ತುತ್ತು ಬಾಯಿಗೆ ಬರದ ಮನುಷ್ಯನಿಗೆ ಅಷ್ಟು ಹಕ್ಕಾದರೂ ಬೇಡವೇ.

ಇನ್ನು ಪುರುಷರು, ಮಹಿಳೆಯರು. ಕಲ್ಲು ಒಂದೇ, ತೂಕ ಒಂದೇ, ಪಟ್ಟಿಯ ಉದ್ದ, ಎಂಡ್‌ಗಳ ಸಂಖ್ಯೆ, ಯೋಚಿಸಲು ತಂಡಕ್ಕೆ ಸಿಗುವ 38 ನಿಮಿಷ, ಎಲ್ಲವೂ ಒಂದೇ. ಮಹಿಳೆಯರಿಗೆ ಹಗುರ ಕಲ್ಲು, ಚಿಕ್ಕ ಪಂದ್ಯ ಎಂಬ ರಿಯಾಯಿತಿ ಏನಿಲ್ಲ. ವ್ಯತ್ಯಾಸ ಕಾಣುವುದು ವೇಗದ ಹೊಡೆತಗಳಲ್ಲಿ ಮತ್ತು ಗುಡಿಸುವ ಬಲದಲ್ಲಿ. ಪುರುಷರು ಜೋರಾಗಿ ಹೊಡೆದು ಒಂದೇ ಏಟಿಗೆ ಎರಡು ಮೂರು ಕಲ್ಲು ಚದುರಿಸುವುದು ಹೆಚ್ಚು, ಮನೆ ಬೇಗ ಖಾಲಿಯಾಗುತ್ತದೆ. ಮಹಿಳೆಯರ ಪಂದ್ಯಗಳಲ್ಲಿ ಹೆಚ್ಚು ಕಲ್ಲುಗಳು ಉಳಿದು ಗೋಜಲು ಬೆಳೆಯುತ್ತದೆ, ಒಂದೇ ಎಂಡ್‌ನಲ್ಲಿ ಮೂರು ನಾಲ್ಕು ಅಂಕ ಬಂದು ಪಂದ್ಯ ತಲೆಕೆಳಗಾಗುವುದೂ ಉಂಟು. ಆಟ ಕಲಿಯಲು ನೋಡುವವರಿಗೆ ನನ್ನ ಶಿಫಾರಸು ಮಹಿಳೆಯರ ಪಂದ್ಯಗಳೇ, ಅಲ್ಲಿ ಯೋಚನೆ ಕಣ್ಣಿಗೆ ಕಾಣುತ್ತದೆ.

ಇತಿಹಾಸದಲ್ಲಿ ಮಾತ್ರ ರಿಯಾಯಿತಿ ಪುರುಷರಿಗೇ ಸಿಕ್ಕಿತು. ಅವರ ವಿಶ್ವ ಟೂರ್ನಿಯ ಮೂಲ 1959ರ ಸ್ಕಾಚ್ ಕಪ್, ಸ್ಕಾಟ್ಲೆಂಡ್ ಮತ್ತು ಕೆನಡಾದ ನಡುವಿನ ಸರಣಿ. ಅದನ್ನು ಗೆದ್ದ ಕೆನಡಾ ತಂಡದಲ್ಲಿ ಎರ್ನಿ ರಿಚರ್ಡ್‌ಸನ್, ಅವರ ಸಹೋದರ, ಇಬ್ಬರು ದಾಯಾದಿಗಳು, ನಾಲ್ವರೂ ರಿಚರ್ಡ್‌ಸನ್‌ಗಳೇ. ಮಹಿಳೆಯರು ತಮ್ಮ ವಿಶ್ವ ಟೂರ್ನಿಗಾಗಿ 1979ರ ತನಕ, ಅಂದರೆ 20 ವರ್ಷ ಕಾಯಬೇಕಾಯಿತು. ಸ್ಕಾಟ್ಲೆಂಡಿನ ಪರ್ತ್‌ನಲ್ಲಿ ನಡೆದ ಮೊದಲ ಟೂರ್ನಿಯನ್ನು ಸ್ವಿಟ್ಜರ್‌ಲೆಂಡ್ ಗೆದ್ದಿತು. 1989ರಿಂದ 2004ರವರೆಗೆ ಎರಡನ್ನೂ ಒಂದೇ ಊರಿನಲ್ಲಿ ಒಟ್ಟಿಗೆ ನಡೆಸಿದರು, 2005ರಿಂದ ಮತ್ತೆ ಬೇರೆ ಬೇರೆ. 2025ರಲ್ಲಿ ಮಹಿಳೆಯರದ್ದು ದಕ್ಷಿಣ ಕೊರಿಯಾದ ಉಯಿಜಾಂಗ್‌ಬುನಲ್ಲಿ, ಪುರುಷರದ್ದು ಕೆನಡಾದ ಮೂಸ್ ಜಾದಲ್ಲಿ ನಡೆಯಿತು. ಪುರುಷರು ಮತ್ತು ಮಹಿಳೆಯರು ಒಂದೇ ಜಾಗದಲ್ಲಿ ಆಡುವುದನ್ನು ನೋಡಬೇಕೆಂದರೆ ಒಲಿಂಪಿಕ್ಸ್, 1975ರಲ್ಲಿ ಶುರುವಾದ ಯುರೋಪಿಯನ್ ಚಾಂಪಿಯನ್‌ಷಿಪ್, ಮತ್ತು ಅಮೆರಿಕ ಖಂಡಗಳು, ಏಷ್ಯಾ ಹಾಗೂ ಓಷಿಯಾನಿಯಾದ ತಂಡಗಳಿಗಾಗಿ 2022ರಲ್ಲಿ ಕ್ಯಾಲ್ಗರಿಯಲ್ಲಿ ಆರಂಭವಾದ ಪ್ಯಾನ್ ಕಾಂಟಿನೆಂಟಲ್ ಇವೆ. ಈ ಕೊನೆಯ ಎರಡು ವಿಶ್ವ ಟೂರ್ನಿಗೆ ಏಣಿಯೂ ಹೌದು. 2023ರ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನ 13 ತಂಡಗಳಲ್ಲಿ ಎಂಟು ಯುರೋಪಿನವು, ಐದು ಉಳಿದ ಭಾಗದವು.

ಹೊಸಬರು ಎಡವುವ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಸಾಮಾನ್ಯವಾಗಿ ಸ್ಕಿಪ್ ಆದವರೇ ಕೊನೆಯ ಎರಡು ಕಲ್ಲು ಎಸೆಯುತ್ತಾರೆ, ಆದರೆ ಅದು ಕಡ್ಡಾಯವಲ್ಲ. 2019, 2021, 2022, 2023ರಲ್ಲಿ ನಡೆದ ನಾಲ್ಕೂ ಮಹಿಳಾ ವಿಶ್ವ ಪಟ್ಟ ಗೆದ್ದ ಸ್ವಿಟ್ಜರ್‌ಲೆಂಡ್ ತಂಡದ ಸ್ಕಿಪ್ ಸಿಲ್ವಾನಾ ತಿರಿಂಜೋನಿ. ಅವರು ಮೂರನೆಯವರಾಗಿ ಎಸೆಯುತ್ತಿದ್ದರು, ಕೊನೆಯ ಕಲ್ಲು ಅಲಿನಾ ಪೇಟ್ಸ್ ಅವರದ್ದು. ಮನೆಯಲ್ಲಿ ಬ್ರಷ್ ಊರಿ ನಿಂತು ಯಾವ ಕಲ್ಲು ಎಲ್ಲಿಗೆ ಎಂದು ತೋರಿಸುವವರು ಸ್ಕಿಪ್. ಹ್ಯಾಮರ್ ಕೈಗೆತ್ತಿಕೊಳ್ಳುವವರು ಬೇರೆಯವರೂ ಆಗಿರಬಹುದು.